ಮೀನಿನ ತೊಟ್ಟಿಗೆ ಎಂಥ ಫಿಲ್ಟರ್?

ಮಕ್ಕಳ ಹಟಕ್ಕೆ ಮಣಿದು ಅಕ್ವೇರಿಯಂ ತಂದ ಮನೆಗಳಲ್ಲಿ ಸಾಮಾನ್ಯವಾಗಿ ನಡೆಯುವ ಕಥೆ ಇದು. ಎರಡನೆಯ ವಾರದ ಹೊತ್ತಿಗೆ ಒಂದೊಂದೇ ಮೀನು ಸಾಯತೊಡಗುತ್ತದೆ. ನೀರೇನೋ ತಿಳಿಯಾಗಿಯೇ ಇರುತ್ತದೆ! 'ಇನ್ನೂ ದುಬಾರಿ ಫಿಲ್ಟರ್ ತರಬೇಕಿತ್ತು' ಎಂದು ತಂದೆ ಪೇಚಾಡುತ್ತಾರೆ. ಮಗು ಅಳುತ್ತದೆ.

ಹಳೇಬೀಡಿನ ದ್ವಾರಸಮುದ್ರ ಕೆರೆಗೆ ಯಾರೂ ಫಿಲ್ಟರ್ ಇಟ್ಟಿಲ್ಲ. ಅಲ್ಲಿ ಮೀನು ಹೇಗೆ ಬದುಕುತ್ತವೆ? ಮೀನು ಕಿವಿರುಗಳಿಂದ ಅಮೋನಿಯಾ ಹೊರಬಿಡುತ್ತದೆ. ಅದು ಕಣ್ಣಿಗೆ ಕಾಣದ ವಿಷ. ಕೆರೆಯ ಕಲ್ಲು, ಕೆಸರಿಗೆ ಅಂಟಿಕೊಂಡ ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟ್ ಆಗಿಯೂ, ಬಳಿಕ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ನೈಟ್ರೇಟ್ ಗಿಡಗಳಿಗೆ ಆಹಾರ. ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಗಳಿಗೆ ಮನೆ ಒದಗಿಸುವುದೇ ಫಿಲ್ಟರಿನ ಮುಖ್ಯ ಕೆಲಸ. ಕಸ ಹಿಡಿಯುವುದು ಆಮೇಲಿನ ಮಾತು.

ಅದಕ್ಕೆ ಸ್ಪಂಜ್ ಫಿಲ್ಟರ್ ಸಾಕು. ಏರ್ ಪಂಪಿನ ಗುಳ್ಳೆಗಳು ಕೊಳವೆಯಲ್ಲಿ ಮೇಲೇರುವಾಗ ನೀರು ಸ್ಪಂಜಿನ ಮೂಲಕ ಎಳೆದುಕೊಂಡು ಬರುತ್ತದೆ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯಲ್ಲಿ ಹಿಡಿಸುವುದು ಸುಮಾರು 55 ಲೀಟರ್. 4 ವಾಟ್ ಪಂಪು ಹಗಲೂ ರಾತ್ರಿ ಓಡಿದರೂ ತಿಂಗಳಿಗೆ 3 ಯೂನಿಟ್ ದಾಟದು. ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಲಿ.

'ನಮ್ಮ ಅರಸೀಕೆರೆ ಕಡೆ ತೆಂಗಿನ ಚಿಪ್ಪಿಗೇನು ಬರವೇ? ಅದರ ಇದ್ದಿಲು ಹಾಕಿದರೆ ಸಾಲದೇ?' ಎಂದು ಕೆಲವರು ಕೇಳಬಹುದು. ಚಿಪ್ಪಿನಿಂದ ತಯಾರಿಸಿದ ಸಕ್ರಿಯ ಇಂಗಾಲ ಬಣ್ಣ, ವಾಸನೆಗಳನ್ನು ಹೀರುತ್ತದೆ. ಅಮೋನಿಯಾದ ಮುಂದೆ ಅದರ ಆಟ ನಡೆಯದು. ಒಲೆಯ ಇದ್ದಿಲಿನ ಮಾತು ಬಿಡಿ.

ಬ್ಯಾಕ್ಟೀರಿಯಗಳು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಎರಡೇ ಗಪ್ಪಿ ಸಾಕು, ಆಹಾರ ಚಿಟಿಕೆಯಷ್ಟು. ಕೊಳವೆಬಾವಿಯ ಗಡಸು ನೀರಿಗೆ ಗಪ್ಪಿ ಒಗ್ಗುತ್ತದೆ. ಆದರೆ ನೀರು ಕ್ಷಾರೀಯವಾದಷ್ಟೂ ಅಮೋನಿಯಾದ ವಿಷ ಹೆಚ್ಚು, ಆತುರ ಬೇಡ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿ. ನಲ್ಲಿ ನೀರಿನಲ್ಲಿ ಕ್ಲೋರಿನ್ ಇದ್ದರೆ ಬಕೆಟ್‌ನಲ್ಲಿ ಒಂದು ದಿನ ತೆರೆದಿಟ್ಟು ಬಳಸಿ.

ನಾನೊಮ್ಮೆ ಅತಿ ಶುಚಿಯ ಹುಮ್ಮಸ್ಸಿನಲ್ಲಿ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ಬೆಳ್ಳಗಾಗುವಂತೆ ತೊಳೆದೆ. ನಾಲ್ಕೇ ದಿನದಲ್ಲಿ ಮೀನುಗಳು ನೀರಿನ ಮೇಲೆ ಬಾಯಿ ಕಳೆಯುತ್ತಿದ್ದವು. ಸ್ಪಂಜನ್ನು ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲೇ ಮೆಲ್ಲಗೆ ಹಿಂಡಬೇಕು.

ಇನ್ನೊಂದು ಮಾತು. ಪಂಪನ್ನು ನೀರಿನ ಮಟ್ಟಕ್ಕಿಂತ ಎತ್ತರದಲ್ಲಿಡಿ. ಇಲ್ಲವಾದರೆ ಕರೆಂಟ್ ಹೋದಾಗ ನೀರು ನಳಿಗೆಯಲ್ಲಿ ಹಿಂದಕ್ಕೆ ಹರಿದು ಪಂಪಿನೊಳಗೇ ಇಳಿಯುತ್ತದೆ.