ಗಿಟಾರಿನ ಪದಕ್ಕೆ ಯಾವ ಪಂಕ್ತಿ?

ರಘು ದೀಕ್ಷಿತರ ಗಾಯನ ಸುಗಮ ಸಂಗೀತವೋ, ಜಾನಪದವೋ, ರಾಕ್ ಸಂಗೀತವೋ? ಗಾಯನಗೋಷ್ಠಿಯ ಪಟ್ಟಿ ಸಿದ್ಧವಾಗುವಾಗ ನಮ್ಮಲ್ಲಿ ಈ ವಾದ ಏಳುವುದುಂಟು. ಗಿಟಾರು, ಡ್ರಮ್ಸ್ ಬಂದ ಮೇಲೆ ಅದು ರಾಕ್. ರಾಕ್ ಆದ ಮೇಲೆ ನಮ್ಮದಲ್ಲ ಎಂಬುದು ಹಲವು ಹಿರಿಯರ ತೀರ್ಪು. ಈ ತೀರ್ಪಿನ ಮೊದಲರ್ಧ ನನಗೆ ಒಪ್ಪಿಗೆ, ಉತ್ತರಾರ್ಧ ಸರ್ವಥಾ ಒಪ್ಪಿಗೆಯಿಲ್ಲ.

ವಾದ್ಯದಿಂದಲೇ ಕುಲ ನಿರ್ಣಯಿಸುವುದಾದರೆ ಹಾರ್ಮೋನಿಯಂ ಗತಿಯೇನು? ಪ್ಯಾರಿಸ್ಸಿನ ದೆಬೆಯ್ನ್ 1842ರಲ್ಲಿ ಅದಕ್ಕೆ ಪೇಟೆಂಟ್ ಪಡೆದಾಗ, 1819ರಲ್ಲಿ ಹುಟ್ಟಿದ ಶಿಶುನಾಳ ಶರೀಫರು ಇಪ್ಪತ್ತಮೂರರ ತರುಣ. 1940ರಿಂದ 1971ರವರೆಗೆ ಆಕಾಶವಾಣಿ ಆ ಪೆಟ್ಟಿಗೆಯನ್ನು ಬಹಿಷ್ಕರಿಸಿತ್ತು. ಈಗಲೋ, ಅದರ ಶ್ರುತಿ ಇಲ್ಲದೆ ನಮ್ಮ ಭಜನೆ ಶುರುವಾಗುವುದೇ ಇಲ್ಲ. ಕಡಕೋಳ ಮಡಿವಾಳಪ್ಪನವರ ಪದಕ್ಕೆ ಏಕತಾರಿ, ದಮ್ಮಡಿಗಳೇ ಸಾಕಾಗಿದ್ದವು ಎಂಬುದನ್ನು ಯಾರೂ ನೆನೆಯುವುದಿಲ್ಲ.

ಸುಗಮ ಸಂಗೀತವಾದರೂ ಅನಾದಿಯಿಂದ ಬಂದುದೇ? ಪಿ. ಕಾಳಿಂಗರಾಯರಂಥವರು ಕವಿತೆಯನ್ನು ಪುಸ್ತಕದಿಂದ ಸಭೆಗೆ ತಂದರು. 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರ ಬಂತು, ಸಿ. ಅಶ್ವತ್ಥರ ಸಂಗೀತದಲ್ಲಿ ಶರೀಫರ ಪದಗಳು ಮನೆಮನೆಯನ್ನು ಹೊಕ್ಕವು. ಅಶ್ವತ್ಥರು ಕೂಡಿಸಿದ ಧಾಟಿಯನ್ನೇ ಶರೀಫರ ಧಾಟಿಯೆಂದು ನಂಬಿ ತಲೆದೂಗುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ರಘು ದೀಕ್ಷಿತರು ಮಾಡಿದ್ದು ಬೇರೇನು? ಲುಂಗಿಯುಟ್ಟು, ಗೆಜ್ಜೆ ಕಟ್ಟಿ, ತಾವೇ ಬರೆದ ಹಾಡುಗಳ ಜೊತೆಗೆ ಶರೀಫರ ಗುಡುಗುಡಿಯ ಪದವನ್ನೂ 2008ರ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಹಾಡಿದರು. ಅದು ರಾಕ್ ಹೌದು, ತತ್ವಪದವೂ ಹೌದು. ವಾದ್ಯಮೇಳದಿಂದ ಒಂದು ಹೆಸರು, ಸಾಹಿತ್ಯದಿಂದ ಇನ್ನೊಂದು. ಎರಡು ಹೆಸರು ಹೊತ್ತ ಹಾಡಿಗೆ ನಮ್ಮ ಪಟ್ಟಿಯಲ್ಲಿ ಕಲಮು ಇಲ್ಲವೆಂದರೆ ಲೋಪ ಪಟ್ಟಿಯದು.

ಡ್ರಮ್ಸಿನ ಅಬ್ಬರದಲ್ಲಿ ಮಾತು ಮುಳುಗುತ್ತದೆ, ಕುಣಿಯುವವರು ಗುಡುಗುಡಿಯ ಮರ್ಮವನ್ನು ಕೇಳಿಸಿಕೊಳ್ಳುವುದಿಲ್ಲ ಎನ್ನುವವರೂ ಇದ್ದಾರೆ. ಈ ಆಕ್ಷೇಪಕ್ಕೆ ತೂಕವಿದೆ. ಏಕತಾರಿ ಎರಡು ಸಾಲುಗಳ ನಡುವೆ ಯೋಚಿಸಲು ಎಡೆ ಬಿಡುತ್ತದೆ. ಆ ಎಡೆಯನ್ನು ತುಂಬಿದವನು ಪದವನ್ನು ಕೊಲ್ಲುತ್ತಾನೆ. ಆದರೆ ಹತ್ತು ಪಿಟೀಲು, ಎರಡು ಕೀಬೋರ್ಡುಗಳ ಸುಗಮ ಸಂಗೀತದಲ್ಲಿಯೂ ಈ ಕೊಲೆ ನಡೆಯುತ್ತದೆ. ಅಲ್ಲಿ ಮಾತ್ರ ನಾವು ಶಾಲು ಹೊದಿಸುತ್ತೇವೆ!

ಮೊಗುಡಂಪಲ್ಲಿ, ಜಹೀರಾಬಾದಿನ ನಮ್ಮ ಮನೆಗಳ ಮಕ್ಕಳಲ್ಲಿ ಅನೇಕರಿಗೆ ಶಾಲೆಯಲ್ಲಿ ತೆಲುಗು ಮತ್ತು ಇಂಗ್ಲಿಷ್. ಕನ್ನಡ ಅಡುಗೆಮನೆಯ ಮಾತು, ಅಕ್ಷರ ಅಪರಿಚಿತ. ಶರೀಫರನ್ನು ಓದಲಾರದ ಹುಡುಗ ಗಿಟಾರಿನ ಮೂಲಕ ಅವರ ಪದವನ್ನು ಬಾಯಿಪಾಠ ಮಾಡಿಕೊಂಡು ಬಂದರೆ, ಅವನನ್ನು ಊಟದ ನಂತರದ ‘ಮನರಂಜನೆ’ಗೆ ತಳ್ಳುವುದು ಯಾವ ಸಾಹಿತ್ಯಸೇವೆ? ಮುಂದಿನ ಸಮ್ಮೇಳನದಲ್ಲಿ ಏಕತಾರಿಯ ಅಜ್ಜನ ಮಗ್ಗುಲಲ್ಲೇ, ತತ್ವಪದ ಗೋಷ್ಠಿಯಲ್ಲೇ, ಅವನಿಗೆ ಜಾಗ ಸಿಗಲಿ. ಮಾತು ಕೇಳಿಸದಿದ್ದರೆ ಡ್ರಮ್ಸ್ ತಗ್ಗಿಸೆಂದು ಎದ್ದು ಹೇಳೋಣ. ಹಾರ್ಮೋನಿಯಂನವರಿಗೂ ಅದೇ ಮಾತು.