ಗುಡ್ಡದ ಟವರ್ ಏರುವವರ ಕೂಲಿ ಎಷ್ಟು?

ಕಳೆದ ಮಳೆಗಾಲದ ಒಂದು ಗಾಳಿಗೆ ನಮ್ಮೂರ ಗುಡ್ಡದ ಟವರ್‌ನಲ್ಲಿದ್ದ ಆ್ಯಂಟೆನಾ ದಿಕ್ಕು ತಪ್ಪಿತು. ಮನ್ಮನೆಯ ನಮ್ಮ ಮೂಲೆಯ ಹನ್ನೊಂದು ಮನೆಗಳಿಗೆ ಇಂಟರ್‌ನೆಟ್ ಬರುವುದು ಅದರಿಂದಲೇ. ಸಂಪರ್ಕ ಕೊಟ್ಟವರಿಗೆ ಫೋನ್ ಮಾಡಿದರೆ, ‘ಏರುವವರು ಹುಬ್ಬಳ್ಳಿಯಿಂದ ಬರಬೇಕು. 6,600 ರೂಪಾಯಿ ಆಗುತ್ತದೆ, ಹಂಚಿಕೊಳ್ಳಿ’ ಎಂದರು. ಮನೆಗೆ 600. ರಜೆಗೆ ಬಂದಿದ್ದ ನನಗೆ ಪ್ರಾಜೆಕ್ಟ್ ವರದಿ ಕಳಿಸುವ ಚಿಂತೆ, ಊರಿನವರಿಗೆ ಹಣದ ಚಿಂತೆ. ‘ಅರ್ಧ ತಾಸಿನ ಕೆಲಸಕ್ಕೆ ಇಷ್ಟಾ? ನಮ್ಮ ಕೊನೆಗೌಡನನ್ನೇ ಹತ್ತಿಸಿದರೆ ಮುಗೀತು’ ಎಂದರು ಒಬ್ಬರು.

ಕೇಳಿದ್ದೂ ಆಯಿತು. ಅರವತ್ತು ಅಡಿ ಎತ್ತರದಲ್ಲಿ ಮರದಿಂದ ಮರಕ್ಕೆ ದಾಟುವ ಆತ ಟವರ್ ಬುಡದಲ್ಲಿ ನಿಂತು ಮೇಲೆ ನೋಡಿದ. ‘ಮರ ಆದ್ರೆ ತಬ್ಬಿಕೊಳ್ಳಬಹುದು ಹೆಗಡೇರೆ, ಈ ಒದ್ದೆ ಕಬ್ಬಿಣ ನನಗಲ್ಲ’ ಎಂದು ಅಪ್ಪನಿಗೆ ಹೇಳಿ ಹೊರಟೇಬಿಟ್ಟ.

ಆ 6,600 ರೂಪಾಯಿಯನ್ನು ನಾನು ಬಿಡಿಸಿ ನೋಡಿದೆ. ಕೊನೆ ಕೊಯ್ಯುವಾಗ ಕೆಳಗೆ ನೇಣು ಹಿಡಿಯುವವನು ಬೇಕಲ್ಲ, ಹಾಗೆಯೇ ಇಲ್ಲಿಯೂ ಕೆಳಗೊಬ್ಬ ಬೇಕು. ಇಬ್ಬರ ದಿನದ ಸಂಬಳ, ಗಾಡಿ ಖರ್ಚು, ಮಳೆ ಬಿಡದಿದ್ದರೆ ಕಾದು ಕೂತ ಇನ್ನೊಂದು ದಿನ. ಜೊತೆಗೆ ಮೈಗೆ ಬಿಗಿಯುವ ಸುರಕ್ಷಾ ಬೆಲ್ಟ್ ಮತ್ತು ಎರಡು ಕೊಕ್ಕೆ ಹಗ್ಗ. ಒಂದು ಕೊಕ್ಕೆ ಬಿಚ್ಚಿ ಮೇಲಕ್ಕೆ ಸಿಕ್ಕಿಸುವಾಗ ಇನ್ನೊಂದು ಕಂಬಿಯನ್ನು ಕಚ್ಚಿಕೊಂಡಿರಬೇಕು. ವಿಮೆ ಬೇರೆ. ಇದೇ ಖರ್ಚು ಪೇಟೆಯಲ್ಲಿ ನೂರಾರು ಗ್ರಾಹಕರ ಮೇಲೆ ಹಂಚಿಹೋಗುತ್ತದೆ, ನಮ್ಮಲ್ಲಿ ಹನ್ನೊಂದೇ ಮನೆ.

ಟವರ್ ಗಿಡ್ಡ ಮಾಡೋಣ ಎಂದರೆ ಅದೂ ಸುಲಭವಲ್ಲ. 5.8 ಗಿಗಾಹರ್ಟ್ಸ್‌ನ ತರಂಗ ಐದು ಕಿ.ಮೀ. ದಾಟಬೇಕಾದರೆ ನಡುದಾರಿಯಲ್ಲಿ ನೇರ ರೇಖೆಯ ಸುತ್ತ ಸುಮಾರು ಎಂಟು ಮೀಟರ್ ಜಾಗ ಬಹುಪಾಲು ಖಾಲಿ ಇರಬೇಕು. ನಮ್ಮ ಕಾಡು ಅದಕ್ಕೆಲ್ಲಿ ಬಿಡುತ್ತದೆ! 2018ರಲ್ಲಿ ಕೇಂದ್ರ ಸರ್ಕಾರ 5 ಗಿಗಾಹರ್ಟ್ಸ್ ಪಟ್ಟಿಯ ದೊಡ್ಡ ಭಾಗವನ್ನು ಪರವಾನಗಿಯಿಂದ ಮುಕ್ತಗೊಳಿಸಿತು. ಹೀಗೆ ತರಂಗ ಪುಕ್ಕಟೆಯಾಯಿತು, ಉಪಕರಣ ಅಗ್ಗವಾಯಿತು. ಉಳಿತಾಯ ಮಾಡಲು ಸಿಗುವುದು ಏರುವವನ ಖರ್ಚು ಮಾತ್ರ. ನನಗೆ ಹೆದರಿಕೆ ಇರುವುದು ಇಲ್ಲೇ.

ಅಮೆರಿಕದಲ್ಲಿ ಇದು ಆಗಿಹೋಗಿದೆ. 2003ರಿಂದ 2011ರ ನಡುವೆ ಅಲ್ಲಿ ಮೊಬೈಲ್ ಟವರ್‌ಗಳ ಕೆಲಸದಲ್ಲಿ 50 ಮಂದಿ ಸತ್ತರೆಂದು ಪ್ರೊಪಬ್ಲಿಕಾ ಮತ್ತು ಫ್ರಂಟ್‌ಲೈನ್ 2012ರಲ್ಲಿ ವರದಿ ಮಾಡಿದವು. ಗುತ್ತಿಗೆ, ಒಳಗುತ್ತಿಗೆ ಎಂದು ಕೆಲಸ ಕೈಯಿಂದ ಕೈಗೆ ದಾಟುತ್ತ ಹೊಣೆ ಯಾರದ್ದೂ ಅಲ್ಲವಾಗಿತ್ತು. ನಮ್ಮಲ್ಲಿ 1996ರ ಕಟ್ಟಡ ಕಾರ್ಮಿಕರ ಕಾಯ್ದೆ ವೈರ್‌ಲೆಸ್, ದೂರವಾಣಿ, ಟವರ್ ಕೆಲಸಗಳನ್ನೂ ಸೇರಿಸಿಕೊಂಡಿತ್ತು. ಆದರೆ ಹತ್ತು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗೆ ಮಾತ್ರ. ಹಳ್ಳಿಗೆ ಇಂಟರ್‌ನೆಟ್ ಕೊಡುವವರ ಬಳಿ ಅಷ್ಟು ಜನ ಎಲ್ಲಿರುತ್ತಾರೆ?

2022ರ ಜುಲೈನಲ್ಲಿ ಕೇಂದ್ರ ಸಂಪುಟ ಸಂಪರ್ಕವಿಲ್ಲದ 24,680 ಹಳ್ಳಿಗಳಿಗೆ 4ಜಿ ಒಯ್ಯಲು 26,316 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಟವರ್‌ಗಳು ಹೆಚ್ಚಿದಂತೆ ಏರುವವರೂ ಹೆಚ್ಚಬೇಕು. ತೆಂಗಿನ ಮರ ಏರುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ‘ಕೇರ ಸುರಕ್ಷಾ’ ವಿಮೆಯಿದೆ, ಕಂತಿನ ಹೆಚ್ಚಿನ ಪಾಲನ್ನು ಮಂಡಳಿಯೇ ಕಟ್ಟುತ್ತದೆ. ಕಬ್ಬಿಣದ ಮರ ಏರುವವರಿಗೆ ಹಾಗೊಂದು ಯಾಕೆ ಬೇಡ? ಏರುವುದನ್ನೇ ಕಡಿಮೆ ಮಾಡುವ ದಾರಿಯೂ ಇದೆ. ಬುಡದಲ್ಲಿ ಕೀಲಿಟ್ಟು ಕೆಳಕ್ಕೆ ಬಾಗಿಸಬಹುದಾದ ಕಂಬವನ್ನು ಗುಡ್ಡದ ತುದಿಯಲ್ಲಿ ನಿಲ್ಲಿಸಬಹುದು. ನಾಲ್ಕೈದು ಊರಿನವರು ಸೇರಿ ಮೇ ತಿಂಗಳಲ್ಲೇ ಒಂದೇ ಗಾಡಿಗೆ ಹೇಳಿ ಎಲ್ಲ ಟವರ್‌ಗಳ ಬೋಲ್ಟ್ ಬಿಗಿಸಿಕೊಳ್ಳಬಹುದು.

ಹತ್ತನೇ ದಿನ ಇಬ್ಬರು ಬಂದರು. ಏರಿದವನಿಗೆ ನನ್ನದೇ ವಯಸ್ಸು. ಅವನ ಬೆಲ್ಟಿಗೆ ಒಂದೇ ಕೊಕ್ಕೆ ಇತ್ತು. ಕೇಳಿದ್ದಕ್ಕೆ, ‘ಇನ್ನೊಂದು ಹೋದ ತಿಂಗಳು ಹರೀತ್ರಿ, ಹೊಸದು ಕೊಟ್ಟಿಲ್ಲ’ ಎಂದ. ಅವನು ಇಳಿಯುವವರೆಗೂ ನಾನು ಕೆಳಗೆ ನಿಂತೇ ಇದ್ದೆ. ಸಂಜೆ ನೆಟ್ ಬಂತು, ವರದಿ ಕಳಿಸಿದೆ.