ಪರದೇಶದ ಪದರು, ನಮ್ಮ ಪಂಕ್ತಿ

ಒಂದು ಮನೆಯಲ್ಲಿ ಎರಡು ಒಲೆ ಹೂಡಿದರೆ ಮನೆ ಎರಡಾಯಿತೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಇಂದು ಒಲೆ ಒಂದೇ ಇದ್ದರೂ ಉಣ್ಣುವ ಸಾಲು ಎರಡಾಗುತ್ತಲಿದೆ. ಬಳ್ಳಾರಿಯಲ್ಲೋ ಬೆಂಗಳೂರಿನಲ್ಲೋ ಓದುವ ಮಕ್ಕಳು ರಜೆಗೆ ಸಿರಿಗೇರಿಗೆ ಬಂದಾಗ ಪಿಜ್ಜಾ, ಪಾಸ್ತಾ, ಲಸಾನ್ಯ ಎಂಬ ಹೆಸರುಗಳನ್ನು ಹೇಳುತ್ತಾರೆ. ಅದರಲ್ಲಿ ಏನೇನು ಬೆರೆತಿದೆಯೋ ಎಂದು ಅಜ್ಜಿ ದೂರ ಸರಿಯುತ್ತಾಳೆ. ಅಜ್ಜಿಯ ಶಂಕೆ ನಿರಾಧಾರವಾದುದಲ್ಲ. ಮೊಮ್ಮಗಳ ಆಸೆಯೂ ಅಪರಾಧವಲ್ಲ. ಆದುದರಿಂದ ಈ ತಿಂಗಳು ಲಸಾನ್ಯದ ಸ್ವರೂಪವನ್ನೂ, ಅದನ್ನು ಮನೆಯಲ್ಲಿಯೇ ಶುದ್ಧ ಸಸ್ಯಾಹಾರವಾಗಿ ಸಿದ್ಧಪಡಿಸುವ ಬಗೆಗಳನ್ನೂ ಅರುಹಲು ನಾವು ಬಯಸುತ್ತೇವೆ.

ಲಸಾನ್ಯವು ಇಟಲಿ ದೇಶದ ಭಕ್ಷ್ಯ. ಗೋಧಿ ಹಿಟ್ಟಿನ ತೆಳು ಹಾಳೆಗಳನ್ನು ನೀರಿನಲ್ಲಿ ಬೇಯಿಸಿ, ನಡುನಡುವೆ ಗೊಜ್ಜು, ಚೀಸ್‌ಗಳನ್ನು ಹರವಿ, ಪದರ ಮೇಲೆ ಪದರವಿಟ್ಟು ಕಾವಿನಲ್ಲಿ ಹದಗೊಳಿಸುವುದೇ ಇದರ ಕ್ರಮ. ಕ್ರಿಸ್ತಪೂರ್ವ 1ನೆಯ ಶತಮಾನದ ರೋಮಿನ ಕವಿ ಹೊರೇಸನು ತನ್ನ ಸಂಜೆಯ ಊಟವನ್ನು ವರ್ಣಿಸುವಾಗ ಕಡಲೆ, ಈರುಳ್ಳಿಯ ಜಾತಿಯ ಲೀಕ್ ಮತ್ತು ‘ಲಗಾನಮ್’ ಎಂಬ ಹಿಟ್ಟಿನ ತಿನಿಸನ್ನು ಹೆಸರಿಸಿದ್ದಾನೆ. ಲಸಾನ್ಯ ಎಂಬ ಹೆಸರು ಈ ಶಬ್ದದಿಂದಲೇ ಬಂದಿರಬೇಕೆಂದು ಕೆಲವು ವಿದ್ವಾಂಸರ ಮತ. 14ನೆಯ ಶತಮಾನದ ಲ್ಯಾಟಿನ್ ಪಾಕಗ್ರಂಥ ‘ಲಿಬೆರ್ ದೆ ಕೊಕ್ವಿನಾ’ದಲ್ಲಿ ಲಸಾನ್ಯದ ವಿಧಾನವೇ ಇದೆ: ಹುದುಗಿದ ಹಿಟ್ಟನ್ನು ತೆಳ್ಳಗೆ ಲಟ್ಟಿಸಿ, ಚೌಕವಾಗಿ ಕತ್ತರಿಸಿ, ಕುದಿನೀರಿನಲ್ಲಿ ಬೇಯಿಸಿ, ತುರಿದ ಚೀಸನ್ನೂ ಮಸಾಲೆಯ ಪುಡಿಯನ್ನೂ ಪದರಪದರಕ್ಕೆ ಉದುರಿಸುವುದು. ಆ ಪಾಕದಲ್ಲಿ ಮಾಂಸವಿಲ್ಲ. ಟೊಮೆಟೊ ಕೂಡ ಇಲ್ಲ, ಏಕೆಂದರೆ ಅದು ಅಮೆರಿಕ ಖಂಡದಿಂದ ಯುರೋಪನ್ನು ತಲುಪಿದ್ದು 16ನೆಯ ಶತಮಾನದಲ್ಲಿ. ಹೀಗಿರುವಾಗ ಮಾಂಸವಿಲ್ಲದೆ ಲಸಾನ್ಯ ಮಾಡುವುದು ಅದನ್ನು ಕೆಡಿಸಿದಂತೆ ಎಂದು ಯಾರೂ ಭಾವಿಸಬೇಕಾಗಿಲ್ಲ.

ಆದರೆ ಪೇಟೆಯಿಂದ ತರುವಾಗ ಎಚ್ಚರ ಅಗತ್ಯ. ಬೊಲೊನ್ಯ ನಗರದ ಪ್ರಸಿದ್ಧ ಲಸಾನ್ಯದ ಹಾಳೆಗೆ ಮೊಟ್ಟೆ ಕಲಸುತ್ತಾರೆ. ಪದರಗಳಲ್ಲಿ ಮಾಂಸದ ಗೊಜ್ಜು ಇರುತ್ತದೆ. ಮೇಲೆ ಉದುರಿಸುವ ಪಾರ್ಮಿಜಾನೊ ರೆಜಾನೊ ಎಂಬ ಗಟ್ಟಿ ಚೀಸಿಗೆ ಹಾಲು ಒಡೆಸಲು ಕರುವಿನ ಜಠರದಿಂದ ತೆಗೆದ ರೆನೆಟ್ಟನ್ನು ಬಳಸುವರು. ಕಣ್ಣಿಗೆ ಬರಿಯ ಹಾಲಿನ ಪದಾರ್ಥವಾಗಿ ತೋರುವುದರಿಂದ ಈ ಸಂಗತಿ ಅನೇಕರ ಗಮನಕ್ಕೆ ಬರುವುದಿಲ್ಲ. ಸೂಕ್ಷ್ಮಜೀವಿಗಳಿಂದ ತಯಾರಿಸಿದ ರೆನೆಟ್ಟಿನ ಚೀಸ್ ನಮ್ಮ ದೇಶದಲ್ಲಿ ದೊರೆಯುತ್ತದೆ. ಹಾಳೆಯಾಗಲಿ ಚೀಸಾಗಲಿ, ಪೊಟ್ಟಣದ ಮೇಲೆ ಚೌಕದೊಳಗಿನ ಹಸಿರು ಚುಕ್ಕೆಯನ್ನು ನೋಡಿಯೇ ಕೊಳ್ಳತಕ್ಕದ್ದು. ಮನೆಯಲ್ಲಿ ಹಾಲು ಒಡೆಸಿ ಮಾಡಿದ ಪನೀರಾದರೆ ಸಂಶಯಕ್ಕೆ ಎಡೆಯೇ ಇಲ್ಲ.

ಹಾಳೆ ಮಾಡುವುದು ನಮ್ಮ ತಾಯಂದಿರಿಗೆ ಕಷ್ಟವಲ್ಲ. ಬೇಸಗೆಯಲ್ಲಿ ಶಾವಿಗೆ ಹೊಸೆಯುವ, ಹಬ್ಬಕ್ಕೆ ಹೋಳಿಗೆ ಲಟ್ಟಿಸುವ ಕೈಗಳಿಗೆ ಗೋಧಿಯ ಜಿಗುಟಿನ ಹದ ತಿಳಿದೇ ಇದೆ. ನಾಲ್ವರಿಗೆ 100 ಗ್ರಾಂ ಚಿರೋಟಿ ರವೆ, 100 ಗ್ರಾಂ ಗೋಧಿ ಹಿಟ್ಟು, ಚಿಟಿಕೆ ಉಪ್ಪು ಸೇರಿಸಿ ಪೂರಿಯ ಹಿಟ್ಟಿನಂತೆ ಗಟ್ಟಿಯಾಗಿ ನಾದಬೇಕು. ಒದ್ದೆ ಬಟ್ಟೆ ಮುಚ್ಚಿ ಅರ್ಧ ತಾಸು ಬಿಡಬೇಕು. ಚಪಾತಿಗಿಂತ ತೆಳ್ಳಗೆ ಲಟ್ಟಿಸಿ, ಪಾತ್ರೆಯ ಅಳತೆಗೆ ಕತ್ತರಿಸಿ, ಉಪ್ಪು ಹಾಕಿದ ಕುದಿನೀರಿನಲ್ಲಿ 2 ನಿಮಿಷ ಬೇಯಿಸಿ, ತಣ್ಣೀರಿನಲ್ಲಿ ಅದ್ದಿ, ಎಣ್ಣೆ ಸವರಿದ ತಟ್ಟೆಯಲ್ಲಿ ಹರಡಬೇಕು.

ಕೆಂಪು ಗೊಜ್ಜಿಗೆ ಅರ್ಧ ಕಿಲೋ ಟೊಮೆಟೊ, 2 ಈರುಳ್ಳಿ, 4 ಎಸಳು ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಬಾಡಿಸಿ, ನೀರು ಇಂಗುವವರೆಗೆ ಬೇಯಿಸುವುದು. ಬಿಳಿ ಗೊಜ್ಜಿಗೆ 40 ಗ್ರಾಂ ಬೆಣ್ಣೆಯಲ್ಲಿ 40 ಗ್ರಾಂ ಮೈದಾ ಹುರಿದು, ಅರ್ಧ ಲೀಟರ್ ಹಾಲನ್ನು ಸ್ವಲ್ಪಸ್ವಲ್ಪವಾಗಿ ಸುರಿಯುತ್ತ ಗಂಟಾಗದಂತೆ ಕದಡಬೇಕು. ಉಪ್ಪು, ತುಸು ಜಾಯಿಕಾಯಿ ಬೆರೆಸಬೇಕು. ಕೆಂಪು ಗೊಜ್ಜು, ಹಾಳೆ, ಬೇಯಿಸಿದ ತರಕಾರಿ, ಬಿಳಿ ಗೊಜ್ಜು, ಪನೀರು ಎಂಬ ಕ್ರಮದಲ್ಲಿ ನಾಲ್ಕು ಸಲ ಹರವಿ, ಮೇಲೆ ಚೀಸ್ ತುರಿದು ಹಾಕಬೇಕು. ಓವನ್ ಇದ್ದವರು 180 ಡಿಗ್ರಿ ಕಾವಿನಲ್ಲಿ ಸುಮಾರು 35 ನಿಮಿಷ ಇಡಬಹುದು. ಇಲ್ಲದವರು ದಪ್ಪ ತಳದ ಬೋಗುಣಿಯಲ್ಲಿ ಒಂದು ಅಂಗುಲ ಉಪ್ಪು ಹರಡಿ, ಮುಚ್ಚಿ, 10 ನಿಮಿಷ ಕಾಯಿಸಿ, ಒಳಗೆ ಸಣ್ಣ ಅಡಕಲಿನ ಮೇಲೆ ಪಾತ್ರೆಯನ್ನಿಟ್ಟು, ಸಣ್ಣ ಉರಿಯಲ್ಲಿ ಮುಕ್ಕಾಲು ತಾಸು ಬೇಯಿಸಬಹುದು. ಇಳಿಸಿದ ಮೇಲೆ 10 ನಿಮಿಷ ತಾಳಿ ಕೊಯ್ದರೆ ಪದರುಗಳು ಜಾರುವುದಿಲ್ಲ.

ಇನ್ನು ಬಗೆಗಳು. ಮೊದಲನೆಯದು ಬದನೆಕಾಯಿ, ಗಜ್ಜರಿಗಳನ್ನು ತುಂಬಿದ ಕೆಂಪು ಲಸಾನ್ಯ. ಎರಡನೆಯದು ಹಸಿರು, ಬೊಲೊನ್ಯದವರಂತೆ ಪಾಲಕ್ ಸೊಪ್ಪನ್ನು ಅರೆದು ಹಿಟ್ಟಿಗೇ ಕಲಸಿ, ಮೊಟ್ಟೆಯನ್ನು ಮಾತ್ರ ಬಿಟ್ಟು, ಬಿಳಿ ಗೊಜ್ಜಿನೊಡನೆ ಜೋಡಿಸುವುದು. ಮೂರನೆಯದು ಲಿಗೂರಿಯ ಪ್ರಾಂತದ್ದು. ಅಲ್ಲಿ ಕಾಮಕಸ್ತೂರಿಯ ಎಲೆ, ಬೀಜ, ಬೆಳ್ಳುಳ್ಳಿ, ಎಣ್ಣೆ, ಚೀಸುಗಳನ್ನು ಕುಟ್ಟಿದ ಪೆಸ್ತೊ ಎಂಬ ಚಟ್ನಿಯನ್ನು ಹಾಳೆಗಳಿಗೆ ಸವರುತ್ತಾರೆ. ಕಾಮಕಸ್ತೂರಿ ಸಿಗದಿದ್ದರೆ ಕೊತ್ತಂಬರಿ ಸೊಪ್ಪು, ಹುರಿದ ಶೇಂಗಾ ಸಾಕು.

ನಾಲ್ಕನೆಯದು ಜೋಳದ್ದು. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ; ಹಾಳೆ ಮಾಡಿ ಕುದಿಸಿದರೆ ಒಡೆಯುತ್ತದೆ. ಆದುದರಿಂದ ಒಣಗಿದ ತೆಳು ರೊಟ್ಟಿಯನ್ನೇ ಪದರಾಗಿ ಇಡಬೇಕು; ಗೊಜ್ಜು ತುಸು ತೆಳ್ಳಗಿದ್ದರೆ ರೊಟ್ಟಿ ಅದನ್ನು ಹೀರಿ ಮೆತ್ತಗಾಗುತ್ತದೆ. ಇದು ವಿಚಿತ್ರವೆಂದು ಎಣಿಸಬಾರದು. ಇಟಲಿಯ ಸಾರ್ಡೀನಿಯ ದ್ವೀಪದಲ್ಲಿ ಕುರಿಗಾಹಿಗಳು ಕೆಡದಂತೆ ಒಯ್ಯುತ್ತಿದ್ದ ‘ಕರಸಾವು’ ಎಂಬ ತೆಳು ಒಣರೊಟ್ಟಿಯುಂಟು. ಅದನ್ನು ನೆನೆಸಿ, ಟೊಮೆಟೊ ಗೊಜ್ಜು, ಚೀಸುಗಳ ಪದರವಿಟ್ಟು ಅಲ್ಲಿಯವರು ಉಣ್ಣುತ್ತಾರೆ. ಬುತ್ತಿಗೆ ಒಣರೊಟ್ಟಿ ಕಟ್ಟುವ ನಮ್ಮ ಸೀಮೆಯವರಿಗೆ ಇದು ನೆಂಟರ ಅಡುಗೆಯಂತೆಯೇ ತೋರೀತು. ತುಂಗಭದ್ರೆಯ ಕಾಲುವೆ ಬಂದು ಸಿರುಗುಪ್ಪ ಸೀಮೆ ಬತ್ತದ ನಾಡಾದ ಮೇಲೂ ರೊಟ್ಟಿಯ ರುಚಿ ನಮ್ಮನ್ನು ಬಿಟ್ಟಿಲ್ಲವಷ್ಟೆ.

ತಾಯಂದಿರಲ್ಲಿ ನಮ್ಮ ವಿನಂತಿ ಇಷ್ಟೆ. ಮಕ್ಕಳು ಹೊಸ ತಿನಿಸಿನ ಹೆಸರು ಹೇಳಿದಾಗ ‘ಬೇಡ’ ಎನ್ನುವ ಮೊದಲು ‘ಅದನ್ನು ಯಾವುದರಿಂದ ಮಾಡುತ್ತಾರೆ?’ ಎಂದು ಕೇಳಿರಿ. ಕೇಳಿ ತಿಳಿದುದನ್ನು ಅವರ ಕೈಯಿಂದಲೇ ಮಾಡಿಸಿರಿ. ಹಿಟ್ಟು ನಾದುವ ಹದವನ್ನು ಅಜ್ಜಿ ಕಲಿಸಲಿ, ಪೊಟ್ಟಣದ ಅಕ್ಷರಗಳನ್ನು ಮೊಮ್ಮಗಳು ಓದಿ ಹೇಳಲಿ. ಇಬ್ಬರ ಅರಿವೂ ಕೂಡಿ ಬೆಂದ ಅಡುಗೆಯನ್ನು ಇಬ್ಬರೂ ನಿಶ್ಚಿಂತರಾಗಿ ಉಣ್ಣಬಹುದು.